ಕಾಲು ತೆಗೆದರೂ ಬಿಡದ ಬ್ರೇಕ್: ಹಳೆಯ ಫಾರ್ಗೊ ಲಾರಿಯ ಚಕ್ರಗಳನ್ನು ಹಿಡಿದಿರುವುದು ಆಯಿಲೋ, ಕಬ್ಬಿಣವೋ?

ಗುಬ್ಬಿ ಕಡೆಯ ಲಾರಿ ಮಾಲೀಕ:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಸಾಗಿಸುತ್ತಿದ್ದ ಹಳೆಯ ಪೆಟ್ರೋಲ್ ಫಾರ್ಗೊ ಲಾರಿಯೊಂದು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ತೋಟದ ಶೆಡ್ಡಿನಲ್ಲಿ ನಿಂತೇ ಇತ್ತು. ಕ್ರೈಸ್ಲರ್ ಪರವಾನಗಿಯಲ್ಲಿ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯವರು ತಯಾರಿಸುತ್ತಿದ್ದ ಲಾರಿ ಅದು. ಕಳೆದ ಆಯುಧಪೂಜೆಯ ಹೊತ್ತಿಗೆ ಅದನ್ನು ಮತ್ತೆ ರಸ್ತೆಗೆ ಇಳಿಸಬೇಕೆಂಬ ಆಸೆಯಿಂದ ಎಂಜಿನ್ ಕೆಲಸ ಮಾಡಿಸಿ, ಬ್ರೇಕಿಗೆ ಹೊಸ ರಬ್ಬರ್ ಕಿಟ್ ಹಾಕಿಸಿ, ಚೆನ್ನಾಗಿ ಬಣ್ಣ ಹೊಡೆಸಿದೆ. ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕ್, ಆಯಿಲ್ ಒತ್ತಡದಿಂದ ಕೆಲಸ ಮಾಡುವಂಥದ್ದು: ಲೈನರ್ ಹೊದಿಸಿದ ಶೂಗಳು ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ. ಜೊತೆಗೆ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ವ್ಯಾಕ್ಯೂಮ್ ಬೂಸ್ಟರ್ ಇದೆ.

ತೊಂದರೆ ಹೀಗಿದೆ. ಊರಿನಿಂದ ತುಮಕೂರಿನ ಕಡೆಗೆ ಹೊರಟರೆ ಮೊದಲ ಆರೇಳು ಕಿಲೋಮೀಟರ್ ಲಾರಿ ಹಗುರವಾಗಿ ಓಡುತ್ತದೆ. ಆಮೇಲೆ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದಂತಾಗಿ, ನಾಲ್ಕನೇ ಗೇರಿನಲ್ಲಿ ಹೋಗುತ್ತಿದ್ದದ್ದು ಮೂರನೆಯದಕ್ಕೆ ಇಳಿಯುತ್ತದೆ. ಬ್ರೇಕ್ ಪೆಡಲ್ ಗಟ್ಟಿಯಾಗಿ ಮೇಲಕ್ಕೇ ನಿಂತುಬಿಡುತ್ತದೆ, ಲೈನರ್ ಸುಟ್ಟ ವಾಸನೆ ಕ್ಯಾಬಿನ್ನಿನೊಳಕ್ಕೆ ಬರುತ್ತದೆ. ಮರದ ನೆರಳಿನಲ್ಲಿ ಒಂದು ಗಂಟೆ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹಗುರವಾಗಿ ಉರುಳುತ್ತದೆ. ಗ್ಯಾರೇಜಿನವರು ಎರಡು ಬಾರಿ ಡ್ರಮ್ ಬಿಚ್ಚಿ ಶೂಗಳನ್ನು ಒಳಕ್ಕೆ ಸರಿಸಿ ಕೊಟ್ಟರು. ಎರಡೂ ಬಾರಿ ಮಾರನೆಯ ದಿನವೇ ಅದೇ ಕಥೆಯಾಯಿತು. ಈಗ ಡ್ರಮ್ಮುಗಳನ್ನು ಲೇತಿಗೆ ಹಾಕಿಸಿ, ಶೂಗಳನ್ನೆಲ್ಲ ಹೊಸದಾಗಿ ತರಬೇಕೆಂದು ಹೇಳುತ್ತಿದ್ದಾರೆ. ಅಷ್ಟು ಖರ್ಚು ಮಾಡುವ ಮೊದಲು ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಕೋಲಾರದ ನಿವೃತ್ತ ಮೆಕ್ಯಾನಿಕ್:

ಯಜಮಾನರೇ, ದಯವಿಟ್ಟು ಇನ್ನು ಡ್ರಮ್ ಬಿಚ್ಚಿಸಬೇಡಿ. ನೀವು ಬರೆದಿರುವುದರಲ್ಲಿಯೇ ಅರ್ಧ ಉತ್ತರವಿದೆ. ತಣ್ಣಗಿದ್ದಾಗ ಬಿಟ್ಟಿರುವ ಚಕ್ರ, ಓಡಿದ ಮೇಲೆ ಹಿಡಿದುಕೊಂಡು, ಆರಿದ ಮೇಲೆ ಮತ್ತೆ ಬಿಡುತ್ತದೆ ಎಂದರೆ ಲೈನರ್ ದಪ್ಪವಾಯಿತು, ಡ್ರಮ್ ಸವೆಯಿತು ಎಂಬುದು ಅದರ ಮೂಲವಾಗಿರುವುದು ಅಪರೂಪ. ಹಳೆಯ ಲಾರಿಯ ಬ್ರೇಕ್ ಹಿಡಿದುಕೊಳ್ಳಲು ಎರಡೇ ದಾರಿಗಳಿವೆ: ಒಂದೋ ಪೈಪಿನೊಳಗೆ ಆಯಿಲ್ ಒತ್ತಡ ಸಿಕ್ಕಿಕೊಂಡು ಶೂಗಳನ್ನು ಹೊರಕ್ಕೆ ತಳ್ಳುತ್ತಲೇ ಇರಬೇಕು, ಇಲ್ಲವೇ ಒತ್ತಡ ಇಳಿದಿದ್ದರೂ ಶೂ, ಸ್ಪ್ರಿಂಗ್, ಪಿನ್ನು, ಬೇರಿಂಗ್ ಮುಂತಾದ ಕಬ್ಬಿಣದ ಭಾಗಗಳು ಎಲ್ಲಿಯೋ ಸಿಕ್ಕಿಹಾಕಿಕೊಂಡಿರಬೇಕು. ಇವೆರಡರಲ್ಲಿ ಯಾವುದೆಂದು ಗೊತ್ತಾಗುವ ತನಕ ಒಂದು ರೂಪಾಯಿಯ ಸಾಮಾನನ್ನೂ ಕೊಳ್ಳಬೇಡಿ ಎಂಬುದು ನನ್ನ ಮಾತು. ಲಾರಿ ಗ್ಯಾರೇಜುಗಳಲ್ಲಿ ಮೂವತ್ತೈದು ವರ್ಷ ಕಳೆದವನು ನಾನು. ಬ್ರೇಕ್ ವಿಷಯದಲ್ಲಿ ನಾನು ಕಂಡ ದಂಡದ ಖರ್ಚೆಲ್ಲ ಈ ಒಂದು ಪ್ರಶ್ನೆಯನ್ನು ಕೇಳದೇ ಬಿಟ್ಟದ್ದರಿಂದ ಆದದ್ದೇ.

ಮೊದಲು ಎಷ್ಟು ಚಕ್ರಗಳು ಬಿಸಿಯಾಗುತ್ತವೆ ಎಂಬುದನ್ನು ನೋಡಿ ತಿಳಿಸಿ. ಲಾರಿ ಹಿಡಿದುಕೊಂಡ ಕೂಡಲೇ ಸಮತಟ್ಟಾದ ಜಾಗದಲ್ಲಿ ಬ್ರೇಕ್ ಒತ್ತದೆಯೇ ತಾನಾಗಿ ನಿಲ್ಲಲು ಬಿಡಿ, ಚಕ್ರಗಳಿಗೆ ಕಲ್ಲು ಕೊಡಿ. ಡ್ರಮ್ಮನ್ನು ಮುಟ್ಟಬೇಡಿ, ಅಂಗೈ ಸುಟ್ಟುಹೋಗುತ್ತದೆ. ಬೆರಳು ಅದ್ದಿ ನಾಲ್ಕೈದು ಹನಿ ನೀರು ಚಿಮುಕಿಸಿದರೆ ಸಾಕು. ಚುಂಯ್ ಎಂದು ಆವಿಯಾದರೆ ಬಿಸಿ ನೂರು ಡಿಗ್ರಿ ದಾಟಿದೆ ಎಂದರ್ಥ. ತಂಬಿಗೆಗಟ್ಟಲೆ ನೀರು ಸುರಿಯಬೇಡಿ, ಎರಕದ ಡ್ರಮ್ ಬಿರುಕು ಬಿಡುತ್ತದೆ. ಬಿಸಿ ಡ್ರಮ್ಮಿನ ಅಂಚಿನಲ್ಲಿ ಹೆಚ್ಚಿದೆಯೋ, ನಡುವಿನ ಹಬ್ಬಿನಲ್ಲಿ ಹೆಚ್ಚಿದೆಯೋ ಎಂಬುದನ್ನೂ ಗಮನಿಸಿ, ಏಕೆಂದರೆ ಬೇರಿಂಗನ್ನು ಅತಿಯಾಗಿ ಬಿಗಿದಿದ್ದರೆ ಹಬ್ಬೇ ಮೊದಲು ಕಾಯುತ್ತದೆ.

ಗುಬ್ಬಿ ಕಡೆಯ ಲಾರಿ ಮಾಲೀಕ:

ಇಂದು ಬೆಳಿಗ್ಗೆ ನೀವು ಹೇಳಿದಂತೆ ಮಾಡಿದೆ. ಒಂಬತ್ತನೆಯ ಕಿಲೋಮೀಟರಿಗೆ ಲಾರಿ ಹಿಡಿದುಕೊಂಡಿತು. ನಾಲ್ಕೂ ಡ್ರಮ್ಮುಗಳ ಮೇಲೆ ನೀರು ಚುಂಯ್ ಎಂದಿತು. ಅವುಗಳಲ್ಲಿ ಹಿಂದಿನ ಬಲಗಡೆಯದು ಎಲ್ಲಕ್ಕಿಂತ ಹೆಚ್ಚು ಕಾದಿತ್ತು. ಹಬ್ಬುಗಳು ಬೆಚ್ಚಗಿದ್ದವೇ ಹೊರತು ಡ್ರಮ್ಮಿನಷ್ಟು ಬಿಸಿಯಾಗಿರಲಿಲ್ಲ. ಇನ್ನೊಂದು ಸಂಗತಿಯನ್ನು ನನ್ನ ಅಣ್ಣನ ಮಗ ಗಮನಿಸಿದ: ಪೆಡಲಿನ ಮೇಲೆ ಯಾರ ಕಾಲೂ ಇಲ್ಲದಿದ್ದರೂ ಹಿಂದಿನ ಬ್ರೇಕ್ ಲೈಟ್ ಉರಿಯುತ್ತಲೇ ಇತ್ತು. ಇದು ವೈರಿಂಗ್ ದೋಷವಿರಬಹುದೆಂದು ಇಷ್ಟು ದಿನ ಸುಮ್ಮನಿದ್ದೆವು. ಮುಕ್ಕಾಲು ಗಂಟೆಯ ನಂತರ ಲೈಟ್ ತಾನಾಗಿಯೇ ಆರಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಾರಿಯೂ ಹಗುರವಾಯಿತು.

ಚಿಂತಾಮಣಿಯ ಓದುಗ:

ನಮ್ಮ ಹಳೆಯ ಜೀಪಿನಲ್ಲಿಯೂ ಹೀಗೆಯೇ ಆಗುತ್ತಿತ್ತು, ಕೊನೆಗೆ ಸಿಕ್ಕಿದ್ದು ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಹೋಸ್. ಹೊರಗಿನಿಂದ ನೋಡಿದರೆ ಹೊಳೆಯುತ್ತಿದ್ದ ಹೋಸನ್ನು ಉದ್ದಕ್ಕೆ ಸೀಳಿ ನೋಡಿದಾಗ ಒಳಗಿನ ಪದರ ಕಳಚಿಕೊಂಡು ನಾಲಗೆಯಂತೆ ಜೋತುಬಿದ್ದಿತ್ತು. ಪೆಡಲ್ ತುಳಿದ ಬಲಕ್ಕೆ ಆಯಿಲ್ ಅದನ್ನು ತಳ್ಳಿಕೊಂಡು ಚಕ್ರದ ಕಡೆಗೆ ಹೋಗುತ್ತದೆ, ಆದರೆ ಹಿಂದಿರುಗುವಾಗ ಆ ನಾಲಗೆ ಬಾಯಿ ಮುಚ್ಚಿಬಿಡುತ್ತದೆ. ಇಪ್ಪತ್ತು ವರ್ಷ ನಿಂತಿದ್ದ ಲಾರಿಯಲ್ಲಿ ಹೋಸುಗಳು ಹಾಳಾಗದೆ ಉಳಿದಿರಲು ಸಾಧ್ಯವೇ ಇಲ್ಲ. ಮೊದಲು ಮೂರೂ ಹೋಸುಗಳನ್ನು ಬದಲಾಯಿಸಿ ಎಂಬುದು ನನ್ನ ಸಲಹೆ.

ಕೋಲಾರದ ನಿವೃತ್ತ ಮೆಕ್ಯಾನಿಕ್:

ಚಿಂತಾಮಣಿಯವರು ಹೇಳಿದ್ದು ನಿಜವಾದ ಕಾಯಿಲೆಯೇ. ಅಂಥ ಹೋಸುಗಳನ್ನು ನಾನೂ ಸೀಳಿ ನೋಡಿದ್ದೇನೆ. ಹೋಸುಗಳನ್ನು ಎಂದಾದರೂ ಬದಲಾಯಿಸಲೇಬೇಕು ಎಂಬುದನ್ನೂ ಒಪ್ಪುತ್ತೇನೆ. ಆದರೆ ಈ ಲಾರಿಯ ಲಕ್ಷಣಕ್ಕೆ ಅದು ಹೊಂದುವುದಿಲ್ಲ. ಮುಂದಿನ ಹೋಸ್ ಒಂದೊಂದೂ ಒಂದೊಂದು ಚಕ್ರವನ್ನು ಹಿಡಿಯಬಲ್ಲದು, ಹಿಂದಿನ ಆಕ್ಸಲಿಗೆ ಹೋಗುವ ಒಂದೇ ಹೋಸ್ ಹಿಂದಿನ ಎರಡನ್ನೂ ಹಿಡಿಯಬಲ್ಲದು. ಮೂರೂ ಹೋಸುಗಳು ಒಂದೇ ದಿನ, ಒಂದೇ ಕಿಲೋಮೀಟರಿನಲ್ಲಿ ಕೆಟ್ಟು, ಒಂದೇ ಹೊತ್ತಿನಲ್ಲಿ ಸರಿಯಾಗುವುದನ್ನು ನಾನು ಕಂಡಿಲ್ಲ. ನಾಲ್ಕೂ ಚಕ್ರಗಳನ್ನು ಒಟ್ಟಿಗೆ ಹಿಡಿಯುವ ಶಕ್ತಿ ಇರುವುದು ಹೋಸುಗಳಿಗಿಂತ ಮೇಲಿರುವ ಪೆಡಲ್, ಪೆಡಲ್ ತುಳಿದಾಗ ಆಯಿಲನ್ನು ಪೈಪಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಮತ್ತು ಬೂಸ್ಟರ್ ಎಂಬ ಮೂರಕ್ಕೆ ಮಾತ್ರ.

ನಿಮ್ಮ ಹುಡುಗ ಗಮನಿಸಿದ್ದು ಬಹಳ ದೊಡ್ಡ ಸುಳಿವು, ಅವನಿಗೆ ನನ್ನ ಶಹಬ್ಬಾಸ್ ಹೇಳಿ. ಇಂಥ ಲಾರಿಗಳಲ್ಲಿ ಬ್ರೇಕ್ ಲೈಟಿನ ಸ್ವಿಚ್ ಪೆಡಲಿನ ಬಳಿ ಇರುವುದಿಲ್ಲ. ಮಾಸ್ಟರ್ ಸಿಲಿಂಡರಿನಿಂದ ಆಯಿಲ್ ಹೊರಡುವ ಕಡೆ ಪೈಪಿಗೇ ಅದನ್ನು ತಿರುಗಿಸಿ ಕೂರಿಸಿರುತ್ತಾರೆ. ಆಯಿಲ್ ಒತ್ತಡವೇ ಅದರೊಳಗಿನ ಪೊರೆಯನ್ನು ತಳ್ಳಿ ಲೈಟ್ ಹೊತ್ತಿಸುತ್ತದೆ. ಕಾಲಿಲ್ಲದೆಯೂ ಲೈಟ್ ಉರಿಯುತ್ತಿದೆ ಎಂದರೆ ಅದು ವೈರಿಂಗ್ ದೋಷವಲ್ಲ, ಒಳಗೆ ಒತ್ತಡ ನಿಂತಿದೆ ಎಂದು ಲಾರಿಯೇ ನಿಮಗೆ ಹೇಳುತ್ತಿದೆ.

ಒತ್ತಡ ಏಕೆ ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದು ತಿಳಿದರೆ ಮುಂದಿನ ಕೆಲಸವೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿಗೂ ಅದರ ಕೆಳಗಿನ ಕೊಳವೆಗೂ ನಡುವೆ ಎರಡು ರಂಧ್ರಗಳಿವೆ. ಒಂದು ದೊಡ್ಡದು, ಇನ್ನೊಂದು ಗುಂಡುಸೂಜಿ ಹೋಗುವಷ್ಟು ಸಣ್ಣದು. ಪೆಡಲಿನಿಂದ ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು, ಅದರ ಮುಂದಿರುವ ರಬ್ಬರ್ ಕಪ್ ಆ ಸಣ್ಣ ರಂಧ್ರವನ್ನು ದಾಟಿ ಹಿಂದೆ ನಿಲ್ಲಬೇಕು. ಆಗ ಮಾತ್ರ ಪೈಪಿನ ಆಯಿಲಿಗೆ ಡಬ್ಬಿಯ ಕಡೆಗೆ ದಾರಿ ತೆರೆದಿರುತ್ತದೆ. ಪಿಸ್ಟನ್ ಒಂದು ಮಿಲಿಮೀಟರ್ ಮುಂದೆ ನಿಂತರೂ, ಕಪ್ ಉಬ್ಬಿದ್ದರೂ, ರಂಧ್ರದಲ್ಲಿ ಕಿಲುಬು ಕೂತಿದ್ದರೂ ಆ ದಾರಿ ಮುಚ್ಚಿಹೋಗುತ್ತದೆ. ನಾಲ್ಕು ಸಲ ಬ್ರೇಕ್ ಹಾಕಿದಾಗ ಚಕ್ರಗಳ ಬಳಿಯ ಆಯಿಲ್ ಕಾಯ್ದು ಹಿಗ್ಗುತ್ತದೆ. ಹಿಗ್ಗಿದ ಆಯಿಲಿಗೆ ಹೋಗಲು ಜಾಗವಿಲ್ಲದೆ ಅದು ಶೂಗಳನ್ನೇ ತಳ್ಳುತ್ತದೆ. ಶೂ ಉಜ್ಜಿದಷ್ಟೂ ಬಿಸಿ ಏರುತ್ತದೆ, ಬಿಸಿ ಏರಿದಷ್ಟೂ ಶೂ ಮತ್ತೆ ಉಜ್ಜುತ್ತದೆ. ಮೊದಲ ಏಳು ಕಿಲೋಮೀಟರ್ ಲಾರಿ ಹಗುರವಾಗಿರುವುದಕ್ಕೂ, ಆರಿದ ಮೇಲೆ ಬಿಡುವುದಕ್ಕೂ ಇದೇ ಕಾರಣ.

ತುಮಕೂರಿನ ಪಾಲಿಟೆಕ್ನಿಕ್ ಉಪನ್ಯಾಸಕಿ:

ಹಿರಿಯರು ಹೇಳಿದ್ದಕ್ಕೆ ಒಂದು ಲೆಕ್ಕವನ್ನು ಸೇರಿಸುತ್ತೇನೆ. ಇಂಥ ಡ್ರಮ್ ಬ್ರೇಕುಗಳಲ್ಲಿ ಮಾಸ್ಟರ್ ಸಿಲಿಂಡರಿನ ಹೊರಬಾಯಿಯಲ್ಲಿರುವ ವಾಲ್ವ್ ಬೇಕೆಂದೇ ಸ್ವಲ್ಪ ಒತ್ತಡವನ್ನು ಪೈಪಿನಲ್ಲಿ ಉಳಿಸುತ್ತದೆ. ಅದು ಸಾಮಾನ್ಯವಾಗಿ ಚದರ ಇಂಚಿಗೆ 10 ಪೌಂಡಿನ ಆಸುಪಾಸಿನಲ್ಲಿರುತ್ತದೆ. ಚಕ್ರದೊಳಗೆ ಶೂವನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಒಂದೂಕಾಲು ಇಂಚಿನದೆಂದು ಇಟ್ಟುಕೊಂಡರೆ ಅದರ ವಿಸ್ತೀರ್ಣ 1.23 ಚದರ ಇಂಚು, ಅಂದರೆ ಶೂವಿನ ಮೇಲೆ ಬೀಳುವ ಬಲ ಸುಮಾರು 12 ಪೌಂಡ್, ಐದೂವರೆ ಕಿಲೋ. ಗಟ್ಟಿಯಾದ ಶೂ ಸ್ಪ್ರಿಂಗ್ ಇದನ್ನು ಸುಲಭವಾಗಿ ಗೆಲ್ಲುತ್ತದೆ. ಆದರೆ ಸಿಕ್ಕಿಬಿದ್ದ ಆಯಿಲ್ ಕಾಯ್ದು ಒತ್ತಡ 100 ಪೌಂಡಿಗೆ ಏರಿತೆಂದರೆ ಅದೇ ಪಿಸ್ಟನ್ 123 ಪೌಂಡ್, ಅಂದರೆ ಐವತ್ತೈದು ಕಿಲೋ ಬಲದಿಂದ ಶೂವನ್ನು ತಳ್ಳುತ್ತದೆ. ಅಲ್ಲಿ ಸ್ಪ್ರಿಂಗಿನ ಆಟ ನಡೆಯುವುದಿಲ್ಲ.

ಇದರಲ್ಲಿ ಅಪಾಯವೂ ಇದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ಆದರೆ ಗಾಳಿಯ ತೇವವನ್ನು ಹೀರಿಕೊಂಡ ಹಳೆಯ ಆಯಿಲಿಗೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡ್ರಮ್ ಅಷ್ಟು ಕಾಯ್ದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಅಲ್ಲಿಯ ತನಕ ಕಲ್ಲಿನಂತಿದ್ದ ಪೆಡಲ್ ಒಮ್ಮೆಗೇ ನೆಲಕ್ಕೆ ಹೋಗುತ್ತದೆ. ದೇವರಾಯನದುರ್ಗದಂಥ ಇಳಿಜಾರಿನಲ್ಲಿ ಹಾಗಾದರೆ ಏನಾದೀತೆಂದು ಹೇಳಬೇಕಾಗಿಲ್ಲ. ದೋಷ ಸಿಗುವ ತನಕ ಲಾರಿಯನ್ನು ಸಮತಟ್ಟಾದ ಊರ ರಸ್ತೆಯಲ್ಲಿ, ಸರಕಿಲ್ಲದೆ ಮಾತ್ರ ಓಡಿಸಬೇಕೆಂದು ಕೋರುತ್ತೇನೆ.

ಚಿಂತಾಮಣಿಯ ಓದುಗ:

ಒಪ್ಪಿದೆ, ನಾಲ್ಕೂ ಚಕ್ರಗಳೆಂಬುದನ್ನು ಕಂಡಮೇಲೆ ಹೋಸಿನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಬೂಸ್ಟರ್ ಕೆಟ್ಟಿಲ್ಲವೆಂದು ಹೇಗೆ ತಿಳಿಯುವುದು? ಅದರ ಕಂಟ್ರೋಲ್ ವಾಲ್ವ್ ಸಿಕ್ಕಿಕೊಂಡರೂ ಕಾಲಿಲ್ಲದೆ ಬ್ರೇಕ್ ಬಿದ್ದೇ ಇರುತ್ತದೆಯಲ್ಲವೇ?

ಕೋಲಾರದ ನಿವೃತ್ತ ಮೆಕ್ಯಾನಿಕ್:

ಇರುತ್ತದೆ. ಅದನ್ನು ಪರೀಕ್ಷಿಸುವುದು ಸುಲಭ. ಲಾರಿ ಹಿಡಿದುಕೊಂಡಾಗ ಎಂಜಿನ್ ನಿಲ್ಲಿಸಿ, ಬೂಸ್ಟರಿಗೆ ಬರುವ ವ್ಯಾಕ್ಯೂಮ್ ಹೋಸನ್ನು ಕಳಚಿ. ಆ ಕ್ಷಣವೇ ಚಕ್ರ ಬಿಟ್ಟರೆ ಬೂಸ್ಟರಿನ ತಪ್ಪು. ಬಿಡದಿದ್ದರೆ ಒತ್ತಡ ಆಯಿಲಿನಲ್ಲಿಯೇ ಸಿಕ್ಕಿದೆ. ಆಮೇಲೆ ಒಂದು ಚಕ್ರವನ್ನು ಜಾಕಿಯ ಮೇಲೆತ್ತಿ, ಬೇರೆ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟು, ಏರ್ ತೆಗೆಯುವ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿ. ಮುಖವನ್ನು ದೂರವಿಡಿ, ಆಯಿಲ್ ಸುಡುವಷ್ಟು ಬಿಸಿಯಿರುತ್ತದೆ. ಎರಡು ಹನಿ ತೊಟ್ಟಿಕ್ಕಿ ನಿಂತರೆ ಅದು ಉಪನ್ಯಾಸಕಿಯವರು ಹೇಳಿದ, ಇರಬೇಕಾದ ಒತ್ತಡ. ಚಿಮ್ಮಿ ಹಾರಿ, ಚಕ್ರ ಕೂಡಲೇ ಕೈಯಲ್ಲಿ ತಿರುಗಿದರೆ ಒತ್ತಡವೇ ಕಳ್ಳ. ಒತ್ತಡ ಹೋದ ಮೇಲೂ ಚಕ್ರ ತಿರುಗದಿದ್ದರೆ ಆ ಚಕ್ರದಲ್ಲಿ ಕಬ್ಬಿಣದ ತೊಂದರೆಯಿದೆ.

ಅಲ್ಲಿಂದ ಮೇಲಕ್ಕೆ ಹುಡುಕುತ್ತಾ ಹೋಗಬೇಕು. ಒಮ್ಮೆ ನಿಪ್ಪಲ್ ಸಡಿಲಿಸಿದರೆ ಸಿಕ್ಕಿದ್ದ ಒತ್ತಡವೆಲ್ಲ ಹೋಗಿಬಿಡುತ್ತದೆ, ಆದ್ದರಿಂದ ಪ್ರತಿ ಪರೀಕ್ಷೆಗೂ ಮತ್ತೆ ಲಾರಿ ಓಡಿಸಿ ಹಿಡಿಯುವಂತೆ ಮಾಡಲೇಬೇಕು. ಎರಡನೆಯ ಸಲ ನಿಪ್ಪಲ್ ಮುಟ್ಟದೆ, ಮಾಸ್ಟರ್ ಸಿಲಿಂಡರಿನಿಂದ ಬೂಸ್ಟರಿಗೆ ಹೋಗುವ ಪೈಪಿನ ನಟ್ಟನ್ನು ಮಾಸ್ಟರಿನ ಬಾಯಲ್ಲಿಯೇ ಸಡಿಲಿಸಿ. ಅಲ್ಲಿಯೇ ಒತ್ತಡ ಇಳಿದು ಚಕ್ರ ಬಿಟ್ಟರೆ ಅದರ ಮುಂದಿನ ದಾರಿಯೆಲ್ಲ ತೆರೆದಿದೆ, ಮುಚ್ಚಿರುವುದು ಮಾಸ್ಟರ್ ಸಿಲಿಂಡರ್ ಮಾತ್ರ ಎಂದು ತಿಳಿಯಬೇಕು.

ಗುಬ್ಬಿ ಕಡೆಯ ಲಾರಿ ಮಾಲೀಕ:

ಎರಡು ದಿನ ಬೇಕಾಯಿತು. ವ್ಯಾಕ್ಯೂಮ್ ಹೋಸ್ ಕಳಚಿದಾಗ ಏನೂ ಬದಲಾಗಲಿಲ್ಲ. ಹಿಂದಿನ ಎಡ ಚಕ್ರದ ನಿಪ್ಪಲ್ ಸಡಿಲಿಸಿದಾಗ ಕಾಫಿ ಡಿಕಾಕ್ಷನ್ನಿನ ಬಣ್ಣದ ಆಯಿಲ್ ಒಂದು ಮೊಳದಷ್ಟು ದೂರಕ್ಕೆ ಚಿಮ್ಮಿ ಮಣ್ಣಿನ ಮೇಲೆ ಗೆರೆ ಎಳೆಯಿತು. ಅದೇ ಕ್ಷಣ ಬ್ರೇಕ್ ಲೈಟ್ ಆರಿತು, ಚಕ್ರ ಒಂದೇ ಕೈಯಲ್ಲಿ ತಿರುಗಿತು. ಮತ್ತೊಮ್ಮೆ ಓಡಿಸಿ ತಂದು ಮಾಸ್ಟರ್ ಸಿಲಿಂಡರಿನ ಬಾಯಿಯ ನಟ್ಟನ್ನು ಸಡಿಲಿಸಿದಾಗಲೂ ಹಾಗೆಯೇ ಆಯಿತು. ಆದರೆ ಹಿಂದಿನ ಬಲ ಚಕ್ರ ಒತ್ತಡ ಹೋದ ಮೇಲೂ ಪೂರ್ತಿ ಬಿಡಲಿಲ್ಲ, ಗರಗರನೆ ಉಜ್ಜುತ್ತಲೇ ತಿರುಗಿತು.

ಪೆಡಲನ್ನು ಬೆರಳಿನಿಂದ ಒತ್ತಿ ನೋಡಿದೆ, ಸ್ವಲ್ಪವೂ ಆಟ, ಅಂದರೆ ಸಡಿಲ, ಇರಲಿಲ್ಲ. ಪೆಡಲಿನ ಬಲವನ್ನು ಮಾಸ್ಟರ್ ಸಿಲಿಂಡರಿಗೆ ಮುಟ್ಟಿಸುವ ಪುಷ್ ರಾಡ್ ಪಿಸ್ಟನ್ನಿಗೆ ಒತ್ತಿಕೊಂಡೇ ಇತ್ತು. ಅದನ್ನು ಗಿಡ್ಡ ಮಾಡಿ, ರಾಡಿಗೂ ಪಿಸ್ಟನ್ನಿಗೂ ನಡುವೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಸಂದು ಕೊಟ್ಟಾಗ ಪೆಡಲಿನ ತುದಿಯಲ್ಲಿ ಅರ್ಧ ಇಂಚಿನಷ್ಟು ಆಟ ಸಿಕ್ಕಿತು. ಇದೇ ಕಾರಣವೆಂದು ಸಂತೋಷಪಟ್ಟು ಹೊರಟರೆ, ಒಂಬತ್ತನೆಯ ಕಿಲೋಮೀಟರಿಗೆ ಹಿಡಿಯುತ್ತಿದ್ದದ್ದು ಹದಿನೆಂಟನೆಯದಕ್ಕೆ ಹಿಡಿಯಿತು. ಅಂತರ ಹೆಚ್ಚಿತೇ ಹೊರತು ರೋಗ ಹೋಗಲಿಲ್ಲ.

ಕೋಲಾರದ ನಿವೃತ್ತ ಮೆಕ್ಯಾನಿಕ್:

ಬೇಸರಪಡಬೇಡಿ, ಒಂದು ಕಾರಣ ಸಿಕ್ಕಿದೆ, ಅದರ ಹಿಂದೆ ಇನ್ನೊಂದು ನಿಂತಿದೆ. ಈಗ ಎರಡು ಸಣ್ಣ ಕೆಲಸ ಮಾಡಿ. ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಹಿಡಿದು ನೀವು ನೋಡುತ್ತಿರಿ, ಹುಡುಗ ಪೆಡಲನ್ನು ಕೈಯಿಂದ ನಿಧಾನವಾಗಿ ಒತ್ತಲಿ. ಸಣ್ಣ ರಂಧ್ರ ತೆರೆದಿದ್ದರೆ ಮೊದಲ ಅರೆ ಇಂಚಿನಲ್ಲಿಯೇ ಆಯಿಲಿನ ಮೇಲ್ಮೈಯಲ್ಲಿ ಪುಟ್ಟ ಬುಗ್ಗೆ ಏಳುತ್ತದೆ. ಲಾರಿ ತಣ್ಣಗಿದ್ದಾಗ ಒಮ್ಮೆ, ಹಿಡಿದುಕೊಂಡಾಗ ಒಮ್ಮೆ ನೋಡಿ. ಎರಡನೆಯದಾಗಿ, ಗಾಜಿನ ಲೋಟದಲ್ಲಿ ಅರ್ಧ ನೀರು ತೆಗೆದುಕೊಂಡು, ಡಬ್ಬಿಯ ಆಯಿಲನ್ನು ಒಂದು ಚಮಚ ಹಾಕಿ ಕಲಕಿ ಹತ್ತು ನಿಮಿಷ ಬಿಡಿ. ಒಳ್ಳೆಯ ಡಾಟ್ 3 ಆಯಿಲ್ ನೀರಿನಲ್ಲಿ ಪೂರ್ತಿ ಕರಗಿಹೋಗುತ್ತದೆ. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಸೇರಿದ್ದರೆ ಮೇಲೆ ತೇಲುತ್ತದೆ. ಕಿಟ್ ಹಾಕುವಾಗ ಮಾಸ್ಟರ್ ಸಿಲಿಂಡರನ್ನು ಯಾವುದರಲ್ಲಿ ತೊಳೆದರು ಎಂಬುದನ್ನೂ ನೆನಪು ಮಾಡಿಕೊಳ್ಳಿ.

ಗುಬ್ಬಿ ಕಡೆಯ ಲಾರಿ ಮಾಲೀಕ:

ತಣ್ಣಗಿದ್ದಾಗ ರಾಗಿ ಕಾಳಿನಷ್ಟು ಸಣ್ಣ ಬುಗ್ಗೆ ಎದ್ದಿತು. ಬಿಸಿಯಾಗಿ ಹಿಡಿದುಕೊಂಡಾಗ ಆಯಿಲ್ ಸ್ವಲ್ಪವೂ ಅಲುಗಲಿಲ್ಲ. ಲೋಟದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುವಾದ ಪದರ ತೇಲಿತು, ಅಂಚಿನಲ್ಲಿ ಕೆಲವು ಎಣ್ಣೆಯ ಬೊಟ್ಟುಗಳೂ ನಿಂತವು. ಕಿಟ್ ಹಾಕಿದ ದಿನ ನಾನೂ ಗ್ಯಾರೇಜಿನಲ್ಲಿದ್ದೆ. ಸಿಲಿಂಡರನ್ನು ಡೀಸೆಲ್ ತಟ್ಟೆಯಲ್ಲಿ ಅದ್ದಿ ಬ್ರಷ್ಷಿನಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ ಜೋಡಿಸಿದ್ದು ಕಣ್ಣಿಗೆ ಕಟ್ಟಿದಂತಿದೆ. ಮಾಸ್ಟರ್ ಸಿಲಿಂಡರ್ ಬಿಚ್ಚಿ ಕಪ್ ಹೊರತೆಗೆದು, ಅದೇ ಅಳತೆಯ ಹೊಸ ಕಪ್ಪಿನ ಪಕ್ಕದಲ್ಲಿ ಇಟ್ಟು ನೋಡಿದೆವು. ಹಳೆಯದರ ತುಟಿ ಮೆತ್ತಗಾಗಿ, ಊದಿಕೊಂಡು, ಹೊರಕ್ಕೆ ಮಡಚಿಕೊಂಡಿತ್ತು. ಎಂಟು ತಿಂಗಳ ಹಿಂದೆ ಹಾಕಿದ ರಬ್ಬರ್ ಅದು.

ಕೋಲಾರದ ನಿವೃತ್ತ ಮೆಕ್ಯಾನಿಕ್:

ಸಿಕ್ಕಿತು. ಬ್ರೇಕಿನ ರಬ್ಬರಿಗೆ ಡೀಸೆಲ್, ಸೀಮೆಎಣ್ಣೆ, ಗ್ರೀಸ್ ಇವೆಲ್ಲ ವಿಷವಿದ್ದಂತೆ. ಸೋಂಕಿದರೆ ಸಾಕು, ಅದು ನೆನೆದ ಕಡಲೆಯಂತೆ ಉಬ್ಬುತ್ತದೆ. ತಣ್ಣಗಿದ್ದಾಗ ರಂಧ್ರವನ್ನು ಹೇಗೋ ತಪ್ಪಿಸಿಕೊಂಡಿದ್ದ ಕಪ್, ಬಿಸಿಗೆ ಇನ್ನಷ್ಟು ಹಿಗ್ಗಿ ಅದನ್ನು ಮುಚ್ಚುತ್ತಿತ್ತು. ಕೆಲಸ ಮಾಡಿದವರು ಕೆಟ್ಟವರೆಂದಲ್ಲ, ಗ್ಯಾರೇಜಿನಲ್ಲಿ ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆದು ಕೈಗೆ ರೂಢಿಯಾಗಿರುತ್ತದೆ. ಆದರೂ ಆ ರೂಢಿ ಬ್ರೇಕಿಗೆ ಬರಬಾರದು. ತೊಳೆಯಲು ಸ್ಪಿರಿಟ್ ಅಥವಾ ಹೊಸ ಬ್ರೇಕ್ ಆಯಿಲ್ ಮಾತ್ರ.

ಈಗ ಮಾಸ್ಟರಿನ ಕಪ್ ಒಂದನ್ನೇ ಬದಲಾಯಿಸಿದರೆ ಸಾಲದು. ಆ ಆಯಿಲ್ ಹರಿದಲ್ಲೆಲ್ಲ ಎಣ್ಣೆಯೂ ಹರಿದಿದೆ. ವೀಲ್ ಸಿಲಿಂಡರುಗಳ ಕಪ್ಪುಗಳು, ಬೂಸ್ಟರಿನಲ್ಲಿ ಆಯಿಲ್ ತಾಗುವ ರಬ್ಬರುಗಳು, ಚಿಂತಾಮಣಿಯವರು ಹೇಳಿದ ಮೂರೂ ಹೋಸುಗಳು, ಬ್ರೇಕ್ ಲೈಟಿನ ಸ್ವಿಚ್, ಎಲ್ಲವೂ ಹೊಸದಾಗಬೇಕು. ಕಬ್ಬಿಣದ ಪೈಪುಗಳಿಗೆ ಸ್ಪಿರಿಟ್ ಹಾಯಿಸಿ, ಗಾಳಿ ಹೊಡೆದು ಒಣಗಿಸಿ. ಸಣ್ಣ ರಂಧ್ರವನ್ನು ತೆಳುವಾದ ತಾಮ್ರದ ತಂತಿಯಿಂದ ಬಿಡಿಸಿ; ಡ್ರಿಲ್ ತೋರಿಸಲೇಬೇಡಿ, ಅಂಚು ಒರಟಾದರೆ ಹೊಸ ಕಪ್ಪನ್ನು ಅದು ದಿನವೂ ಕೆರೆಯುತ್ತದೆ.

ಹಿಂದಿನ ಬಲ ಚಕ್ರದ್ದು ಬೇರೆಯೇ ಕಥೆ. ಅಲ್ಲಿ ಶೂಗಳ ಹಿಂದಿರುವ ಬ್ಯಾಕ್ ಪ್ಲೇಟಿನ ಮೇಲೆ ಶೂವಿನ ಅಂಚು ಕೂರುವ ಜಾಗಗಳಲ್ಲಿ ಗುಳಿ ಬಿದ್ದಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ಶೂ ಅದರೊಳಗೆ ಇಳಿದು ಕುಳಿತರೆ ಯಾವ ಸ್ಪ್ರಿಂಗೂ ಎಳೆದು ತರಲಾರದು. ಸ್ಪ್ರಿಂಗ್ ನೀಲಿ ಬಣ್ಣಕ್ಕೆ ತಿರುಗಿದ್ದರೆ, ಸುತ್ತುಗಳ ನಡುವೆ ಬೆಳಕು ಕಾಣುವಂತಿದ್ದರೆ ಅದರ ಬಲ ಹೋಗಿದೆ ಎಂದು ಎಸೆದುಬಿಡಿ. ಒಳಗಿನ ಧೂಳನ್ನು ಮಾತ್ರ ದಯವಿಟ್ಟು ಊದಬೇಡಿ, ಗಾಳಿ ಪೈಪೂ ಹಿಡಿಯಬೇಡಿ. ಆ ಕಾಲದ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಚಿಕ್ಕವಯಸ್ಸಿನಲ್ಲಿ ನಮಗೆ ಇದನ್ನು ಯಾರೂ ಹೇಳಿರಲಿಲ್ಲ, ಆದ್ದರಿಂದ ಆ ಹುಡುಗನಿಗೆ ನಾನು ಒತ್ತಿ ಹೇಳುತ್ತಿದ್ದೇನೆ.

ಗುಬ್ಬಿ ಕಡೆಯ ಲಾರಿ ಮಾಲೀಕ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ರಬ್ಬರ್ ಭಾಗಗಳೆಲ್ಲ ಬದಲಾದವು. ವೀಲ್ ಸಿಲಿಂಡರಿನ ಕಪ್ಪುಗಳು ಅಳತೆ ಕೊಟ್ಟು ಹುಡುಕಿದ ಮೇಲೆ ಬೆಂಗಳೂರಿನಲ್ಲಿ ದೊರೆತವು. ಹಿಂದಿನ ಬಲ ಬ್ಯಾಕ್ ಪ್ಲೇಟಿನಲ್ಲಿ ನೀವು ಹೇಳಿದ ಗುಳಿ ಉಗುರು ಸಿಕ್ಕಿಕೊಳ್ಳುವಷ್ಟು ಆಳವಿತ್ತು. ಅದನ್ನು ವೆಲ್ಡಿಂಗಿನಿಂದ ತುಂಬಿಸಿ, ಅರದಿಂದ ಸಮ ಮಾಡಿಸಿ, ಸ್ಪ್ರಿಂಗುಗಳನ್ನೂ ಹೊಸದಾಗಿ ಹಾಕಿದೆವು. ಡ್ರಮ್ಮುಗಳನ್ನು ಲೇತಿಗೆ ಹಾಕಿಸುವ ಅಗತ್ಯವೇ ಬೀಳಲಿಲ್ಲ. ಹಳೆಯ ಶೂಗಳೇ ಇವೆ.

ನಿನ್ನೆ ಊರಿನಿಂದ ತುಮಕೂರಿಗೆ ಹೋಗಿ, ಎಲ್ಲಿಯೂ ನಿಲ್ಲಿಸದೆ ಹಿಂದಿರುಗಿದೆವು. ಅಣ್ಣನ ಮಗ ಬೈಕಿನಲ್ಲಿ ಹಿಂದೆಯೇ ಬರುತ್ತಾ ದಾರಿಯುದ್ದಕ್ಕೂ ಬ್ರೇಕ್ ಲೈಟನ್ನೇ ನೋಡುತ್ತಿದ್ದ. ನಾನು ಕಾಲು ತೆಗೆದಾಗಲೆಲ್ಲ ಅದು ಆರಿತಂತೆ. ಮನೆಗೆ ಬಂದು ನೀರು ಚಿಮುಕಿಸಿದರೆ ನಾಲ್ಕೂ ಡ್ರಮ್ಮುಗಳ ಮೇಲೆ ಹನಿಗಳು ಹಾಗೆಯೇ ನಿಂತವು. ತೋಟದ ಗೇಟಿನಿಂದ ಶೆಡ್ಡಿನ ತನಕ ಸ್ವಲ್ಪ ಇಳಿಜಾರಿದೆ. ಎಂಜಿನ್ ನಿಲ್ಲಿಸಿ ನ್ಯೂಟ್ರಲ್ಲಿಗೆ ಹಾಕಿ ಬಿಟ್ಟೆ, ತಂದೆಯವರ ಕಾಲದಲ್ಲಿ ಉರುಳುತ್ತಿದ್ದಂತೆಯೇ ಲಾರಿ ಸದ್ದಿಲ್ಲದೆ ಉರುಳಿ ಒಳಗೆ ಬಂದು ನಿಂತಿತು.

ಕೋಲಾರದ ನಿವೃತ್ತ ಮೆಕ್ಯಾನಿಕ್:

ಬಹಳ ಸಂತೋಷವಾಯಿತು. ಇನ್ನು ಇನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಪೆಡಲಿನ ಆಟವನ್ನೂ, ಆಯಿಲ್ ಡಬ್ಬಿಯ ಬುಗ್ಗೆಯನ್ನೂ ಮತ್ತೊಮ್ಮೆ ನೋಡಿ ಇಲ್ಲಿ ಬರೆಯಿರಿ. ಹೊಸ ಕಪ್ ತನ್ನ ಜಾಗದಲ್ಲಿ ಕೂತ ಮೇಲೆ ರಾಡಿನ ಸಂದು ತುಸು ಬದಲಾಗಿದ್ದರೆ ಆಗಲೇ ಸರಿಮಾಡಿಕೊಳ್ಳಬಹುದು.